ಎಪ್ಪತ್ತಮೂರರ ಲೆಕ್ಕ

ತನ್ನ ಮತವನ್ನು ವಿವರಿಸುವುದು ಭಕ್ತನ ಕೆಲಸ. ಪರಮತವನ್ನು ಖಂಡಿಸುವುದು ವಾದಿಯ ಕೆಲಸ. ಪರಮತವನ್ನು ಅದು ಇದ್ದಂತೆ ಎತ್ತಿ ಹೇಳುವುದು ಇವೆರಡಕ್ಕಿಂತಲೂ ಕಠಿಣ. ಈ ಮೂರನೆಯ ಕೆಲಸಕ್ಕೆ ಕೈಹಾಕಿದ ಗ್ರಂಥಗಳಲ್ಲಿ ಒಂದು ದೊಡ್ಡ ಪಾಲು ಮಧ್ಯಯುಗದ ಇಸ್ಲಾಮೀ ಪಂಡಿತರದು. ಮುಸಲ್ಮಾನರಲ್ಲಿ ಎಷ್ಟು ಪಂಥಗಳಿವೆ, ಯಾವ ಪಂಥದ ವಾದವೇನು, ಯಾವ ಗೆರೆ ದಾಟಿದವನು ಮತದ ಹೊರಗಾಗುತ್ತಾನೆ ಎಂಬ ಪ್ರಶ್ನೆಗಳನ್ನು ಹಿಡಿದು ಅವರು ಶತಮಾನಗಳ ಕಾಲ ಬರೆದರು. ಅಂಥ ಗ್ರಂಥಗಳಲ್ಲಿ ಮುಖ್ಯವಾದ ಕೆಲವನ್ನು ಎದುರಿಗಿಟ್ಟುಕೊಂಡು ಅವುಗಳ ಗುಣದೋಷಗಳನ್ನು ವಿಚಾರಿಸುವುದು ಇಲ್ಲಿ ನಮ್ಮ ಉದ್ದೇಶ.

ಖರಾಡಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೂ ಬಗ್ದಾದಿನ ತರ್ಕಕ್ಕೂ ಎತ್ತಣ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಇದೆ. ಖರಾಡಿಯ ಪಕ್ಕದಲ್ಲಿ ಹಾಯುವ ನಗರ ರಸ್ತೆ ನೇರವಾಗಿ ಹೋಗುವುದು ಅಹ್ಮದನಗರಕ್ಕೆ. 2024ರಿಂದ ಆ ಊರಿನ ಹೆಸರು ಅಹಿಲ್ಯಾನಗರ. ಮುಳಾ-ಮುಠಾ ನದಿಯನ್ನು ದಾಟಿ ಹಡಪಸರದಲ್ಲಿ ಸೊಲ್ಲಾಪುರ ರಸ್ತೆ ಹಿಡಿದರೆ ಮುಂದೆ ವಿಜಯಪುರಕ್ಕೂ ಹೋಗಬಹುದು, ಕಲಬುರಗಿಗೂ ಹೋಗಬಹುದು. ಅರಬ್ಬಿ ಗ್ರಂಥಗಳಲ್ಲಿ ಹುಟ್ಟಿದ ಪಂಥಭೇದ ಈ ಊರುಗಳಲ್ಲಿ ರಾಜಾಜ್ಞೆಯೂ ಆಯಿತು, ಸಾಧಕರ ವ್ಯಾಖ್ಯಾನವೂ ಆಯಿತು. ಇಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿಯೂ ಆ ಜಿಲ್ಲೆಗಳಿಂದ ಬಂದವರು ಅನೇಕರಿದ್ದಾರೆ. ಆದುದರಿಂದ ವಿಷಯ ದೂರದ್ದೆಂದು ತಳ್ಳುವಂತಿಲ್ಲ.

ಈ ಗ್ರಂಥಗಳನ್ನು ಅಳೆಯಲು ನಮಗೆ ತೋಚುವ ಅಳತೆಗೋಲು ಒಂದೇ. ಯಾರ ಮತವನ್ನು ವರ್ಣಿಸಿದೆಯೋ ಅವನೇ ಬಂದು ಆ ಪುಟವನ್ನು ಓದಿದರೆ, "ಹೌದು, ನಾನು ಹೇಳುವುದು ಇದನ್ನೇ" ಎಂದಾನೇ? ವರ್ಣನೆಯ ನಂತರ ಲೇಖಕ ಅದನ್ನು ಒಪ್ಪಲಿ, ಬಿಡಲಿ. ಅದು ಆಮೇಲಿನ ಮಾತು.

ಮೊದಲು ಈ ಶಾಸ್ತ್ರದ ಬೀಜವನ್ನು ನೋಡೋಣ. ಪ್ರವಾದಿಯವರ ಹೆಸರಿನಲ್ಲಿ ಬಂದಿರುವ ಒಂದು ಹದೀಸಿನಂತೆ ಯಹೂದಿಗಳು 71 ಪಂಗಡಗಳಾದರು, ಕ್ರೈಸ್ತರು 72 ಆದರು, ಮುಸಲ್ಮಾನರು 73 ಆಗುವರು. ಅವುಗಳಲ್ಲಿ ಒಂದಕ್ಕೆ ಮಾತ್ರ ಮುಕ್ತಿ. ಈ ಒಂದು ಮಾತು ಪಂಡಿತರಿಗೆ ಎರಡು ಕೆಲಸಗಳನ್ನು ಹಚ್ಚಿತು. ಒಂದು, ಎಣಿಸುವುದು, ಇನ್ನೊಂದು, ಮುಕ್ತಿ ಪಡೆಯುವ ಆ ಒಂದು ಪಂಗಡ ಯಾವುದೆಂದು ತೋರಿಸುವುದು. ಎಣಿಕೆಗೆ ಸಾಮಗ್ರಿಯೂ ಸಾಕಷ್ಟಿತ್ತು. ಪ್ರವಾದಿಯವರ ನಂತರದ ನಾಯಕತ್ವ ಅಲಿಯವರಿಗೂ ಅವರ ಸಂತತಿಗೂ ಸಲ್ಲಬೇಕೆಂಬ ಶಿಯಾಗಳು. ಮಹಾಪಾಪ ಮಾಡಿದವನು ಮುಸಲ್ಮಾನನಾಗಿ ಉಳಿಯುವುದಿಲ್ಲವೆಂಬ ಖಾರಿಜಿಗಳು. ಅವನ ತೀರ್ಪನ್ನು ದೇವರಿಗೆ ಬಿಡಬೇಕೆಂಬ ಮುರ್ಜಿಗಳು. ದೇವರು ನ್ಯಾಯವಂತನಾದ್ದರಿಂದ ಮನುಷ್ಯ ತನ್ನ ಕರ್ಮಕ್ಕೆ ತಾನೇ ಹೊಣೆ ಎಂದು ಯುಕ್ತಿಯಿಂದ ಸಾಧಿಸಹೊರಟ ಮುಅತಜಿಲಾಗಳು. ಪ್ರತಿಯೊಂದರಲ್ಲೂ ಉಪಶಾಖೆಗಳು. ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ಜಗಳ ಕಂಡ ನಮ್ಮ ನಾಡಿನವರಿಗೆ ಜೀವ-ಈಶ್ವರ-ಕರ್ಮಗಳ ಈ ಚರ್ಚೆಯ ಧಾಟಿ ಹೊಸದಾಗಿ ಕಾಣಲಾರದು.

ಇಂಥ ಗ್ರಂಥಗಳಲ್ಲಿ ಹಳೆಯದೂ ಗಣ್ಯವೂ ಆದದ್ದು 10ನೆಯ ಶತಮಾನದ ಮೊದಲ ಭಾಗದಲ್ಲಿ ಬಾಳಿದ ಅಬುಲ್ ಹಸನ್ ಅಷ್‌ಅರಿಯದು. ಈತ ಹರೆಯದಲ್ಲಿ ಮುಅತಜಿಲಾ ಪಂಥದಲ್ಲಿದ್ದು, ನಡುವಯಸ್ಸಿನಲ್ಲಿ ಅದನ್ನು ಬಿಟ್ಟು, ಸುನ್ನಿಗಳ ನಂಬಿಕೆಗೆ ತರ್ಕದ ಬೇಲಿ ಹಾಕಿದವನು. ತಾನು ತೊರೆದು ಬಂದ ಮನೆಯ ಬಗ್ಗೆ ಕಟುವಾಗಿ ಬರೆಯುವುದು ಲೋಕರೂಢಿ. ಅಷ್‌ಅರಿಯ 'ಮಕಾಲಾತುಲ್ ಇಸ್ಲಾಮಿಯೀನ್' ಮಾತ್ರ ಹಾಗಿಲ್ಲ. ಪರರ ಮಾತನ್ನು ವರದಿ ಮಾಡುವವರು ಅದನ್ನು ಕುಗ್ಗಿಸುತ್ತಾರೆ, ತಿರುಚುತ್ತಾರೆ, ಎದುರಾಳಿಯನ್ನು ಹಳಿಯಲೆಂದೇ ಸುಳ್ಳು ಸೇರಿಸುತ್ತಾರೆ ಎಂಬ ದೂರಿನೊಂದಿಗೆ ಆತ ಗ್ರಂಥವನ್ನು ಆರಂಭಿಸುತ್ತಾನೆ. ಗ್ರಂಥದ ಪೂರ್ಣ ಹೆಸರಿನಲ್ಲೇ ಅವನ ನಿಲುವು ಅಡಗಿದೆ: ಇಸ್ಲಾಮಿನವರ ಹೇಳಿಕೆಗಳು ಮತ್ತು ನಮಾಜು ಮಾಡುವವರ ಭಿನ್ನಾಭಿಪ್ರಾಯಗಳು ಎಂಬುದು ಅದರ ಅರ್ಥ. ಜಗಳವಾಡುವವರೆಲ್ಲರೂ ಮೊದಲು ಒಂದೇ ದಿಕ್ಕಿಗೆ ಮುಖಮಾಡಿ ನಮಾಜು ಮಾಡುವವರು ಎಂದು ಒಪ್ಪಿಕೊಂಡೇ ಆತ ಜಗಳವನ್ನು ವರ್ಣಿಸುತ್ತಾನೆ. ನಮ್ಮ ಅಳತೆಗೋಲಿಗೆ ಈ ಪುಸ್ತಕ ಬಹುಮಟ್ಟಿಗೆ ಸರಿಹೋಗುತ್ತದೆ. ಓದಲು ಮಾತ್ರ ಶುಷ್ಕ. ದಿನಸಿ ಅಂಗಡಿಯ ಖಾತೆಪುಸ್ತಕದಂತೆ ಒಂದರ ಕೆಳಗೊಂದು ಅಭಿಪ್ರಾಯ.

ಅಷ್‌ಅರಿಯ ಶಿಷ್ಯಪರಂಪರೆಯವನೇ ಆದ ಅಬ್ದುಲ್ ಕಾಹಿರ್ ಬಗ್ದಾದಿ ತೀರಿಕೊಂಡದ್ದು 1037ರಲ್ಲಿ. ಇವನ 'ಅಲ್ ಫರ್ಕ್ ಬೈನಲ್ ಫಿರಕ್', ಎಂದರೆ ಪಂಥಗಳ ನಡುವಣ ಅಂತರ, ಬೇರೆಯೇ ಜಾತಿಯ ಪುಸ್ತಕ. ಬಗ್ದಾದಿ ಅಂಕಗಣಿತದ ಮೇಲೂ ಗ್ರಂಥ ಬರೆದ ನಿಪುಣ. ಆ ನಿಪುಣತೆ ಇಲ್ಲಿ ಅವನಿಗೆ ಉಪಕಾರ ಮಾಡಲಿಲ್ಲ. ಮೊತ್ತ 73 ಬರಲೇಬೇಕೆಂದು ಮೊದಲೇ ಗೊತ್ತಾದ ಮೇಲೆ ಎಣಿಕೆ ಎಣಿಕೆಯಾಗಿ ಉಳಿಯುವುದಿಲ್ಲ. ಒಬ್ಬ ಗುರುವಿನ ಒಂದೆರಡು ವಿಚಿತ್ರ ಮಾತು ಹಿಡಿದು ಅವನ ಹೆಸರಿನಲ್ಲೊಂದು ಪಂಥ. ಲೆಕ್ಕ ಮೀರಿದ ಕಡೆ, ಇವರು ಇಸ್ಲಾಮಿನ ಹೆಸರು ಹೇಳಿಕೊಳ್ಳುವವರೇ ಹೊರತು ಅದಕ್ಕೆ ಸೇರಿದವರಲ್ಲವೆಂಬ ಷರಾ. ಕೊನೆಗೆ ಮುಕ್ತಿಯ ಪಂಗಡ ಲೇಖಕನದೇ ಎಂದು ಸಿದ್ಧವಾಗುತ್ತದೆ. ಅದು ಮೊದಲ ಪುಟದಲ್ಲೇ ಸಿದ್ಧವಾಗಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ, ಎದುರಾಳಿಯ ಮೇಲೆ ಕೇಳಿದ ಅಪವಾದವನ್ನೆಲ್ಲ ಆತ ಒಳಗೆ ಕಟ್ಟಿಕೊಳ್ಳುತ್ತಾನೆ. ಹೀಗಿದ್ದರೂ ಈ ಗ್ರಂಥವನ್ನು ಎಸೆಯಲಾಗದು. ತಮ್ಮ ಪುಸ್ತಕಗಳೆಲ್ಲ ನಾಶವಾದ ಎಷ್ಟೋ ಜನರ ಹೆಸರು, ಮಾತು ಉಳಿದದ್ದು ಅವರನ್ನು ಬೈದವರ ಹಾಳೆಗಳಲ್ಲಿಯೇ.

ಇದೇ ಮಾತನ್ನು ನಮ್ಮ ಬ್ರಹ್ಮಶಿವನಿಗೂ ಹೇಳಬೇಕು. 12ನೆಯ ಶತಮಾನದ ಈ ಜೈನ ಕವಿಯ 'ಸಮಯಪರೀಕ್ಷೆ' ಕನ್ನಡದ ಪಂಥಗ್ರಂಥ. ಶೈವ, ವೈಷ್ಣವಾದಿ ಮತಗಳನ್ನೂ ಜನ ಪೂಜಿಸುವ ಗ್ರಾಮದೇವತೆಗಳನ್ನೂ ಸಾಲಾಗಿ ನಿಲ್ಲಿಸಿ, ಜಿನಧರ್ಮವೇ ಸಮಯಗಳಲ್ಲೆಲ್ಲ ಮೇಲು ಎಂದು ಅವನು ತೀರ್ಮಾನಿಸುತ್ತಾನೆ. ಅಂದಿನ ಜನ ಯಾವ ದೇವರಿಗೆ ಹೇಗೆ ನಡೆದುಕೊಳ್ಳುತ್ತಿದ್ದರೆಂದು ತಿಳಿಯಲು ಸಂಶೋಧಕರಿಗೆ ಈ ಪುಸ್ತಕ ಬೇಕೇಬೇಕು. ಆದರೆ ಆ ಕಾಲದ ಶೈವನೊಬ್ಬ ಅದನ್ನು ಓದಿ "ಇದು ನನ್ನ ಮತ" ಎನ್ನುತ್ತಿದ್ದನೆಂದು ನಮಗೆ ತೋರುವುದಿಲ್ಲ. ಹೆಸರು 'ಪರೀಕ್ಷೆ', ಫಲಿತಾಂಶ ಮಾತ್ರ ಪ್ರಶ್ನೆಪತ್ರಿಕೆಗಿಂತ ಮೊದಲೇ ಪ್ರಕಟ. ಬಗ್ದಾದಿಯೂ ಬ್ರಹ್ಮಶಿವನೂ ಒಬ್ಬರ ಹೆಸರನ್ನೊಬ್ಬರು ಕೇಳಿರಲಾರರು. ಆದರೂ ಇಬ್ಬರ ಗುಣವೂ ದೋಷವೂ ಒಂದೇ.

ಅದೇ 12ನೆಯ ಶತಮಾನದಲ್ಲಿ ಖುರಾಸಾನಿನ ಷಹರಸ್ತಾನಿ 'ಅಲ್ ಮಿಲಲ್ ವನ್ನಿಹಲ್' ಬರೆದ. ಗ್ರಂಥ ರಚಿತವಾದದ್ದು 1127ರ ಸುಮಾರಿಗೆ; ಲೇಖಕ ಮೃತನಾದದ್ದು 1153ರಲ್ಲಿ. ಮುಸಲ್ಮಾನ ಪಂಥಗಳು, ಯಹೂದಿ, ಕ್ರೈಸ್ತ, ಪಾರಸಿಕ ಮತಗಳು, ಗ್ರೀಕ್ ತತ್ತ್ವಜ್ಞಾನಿಗಳು, ಕೊನೆಯಲ್ಲಿ ಹಿಂದೂಸ್ಥಾನದ ಮತಗಳು: ಇಷ್ಟೂ ಒಂದೇ ಗ್ರಂಥದಲ್ಲಿ. ಪ್ರತಿ ಪಂಥದ ವಾದವನ್ನು ಅವರ ಪುಸ್ತಕಗಳಲ್ಲಿ ಕಂಡಂತೆಯೇ ಬರೆಯುವೆನು, ಪಕ್ಷ ವಹಿಸುವುದಿಲ್ಲ, ಮುರಿಯಹೋಗುವುದೂ ಇಲ್ಲ ಎಂಬ ಅರ್ಥದ ಒಂದು ನಿಯಮವನ್ನು ಆತ ತನಗೆ ತಾನೇ ವಿಧಿಸಿಕೊಂಡ. 73ರ ಚೌಕಟ್ಟನ್ನು ಅವನೂ ಬಿಡಲಿಲ್ಲ, ನಿಜ. ಆದರೆ ಪಂಥಗಳನ್ನು ಎಣಿಸುವ ಲೇಖಕರಿಗೆ ಒಂದು ಗೊತ್ತಾದ ಸೂತ್ರವೇ ಇಲ್ಲ, ಒಬ್ಬರ ಎಣಿಕೆ ಇನ್ನೊಬ್ಬರಿಗೆ ಕೂಡುವುದಿಲ್ಲ ಎಂದು ಕಂಡವನು ಅವನು. ದೇವರ ಗುಣಗಳು, ವಿಧಿ ಮತ್ತು ನ್ಯಾಯ, ಶ್ರದ್ಧೆ ಮತ್ತು ಪಾಪದ ಫಲ, ಶ್ರುತಿ-ಯುಕ್ತಿ ಹಾಗೂ ನಾಯಕತ್ವ ಎಂಬ ನಾಲ್ಕು ಮೂಲಪ್ರಶ್ನೆಗಳನ್ನು ಹಾಕಿ, ಇವುಗಳಲ್ಲಿ ಸ್ವತಂತ್ರ ಉತ್ತರವಿದ್ದರೆ ಮಾತ್ರ ಪಂಥ, ಇಲ್ಲದಿದ್ದರೆ ಬರಿಯ ಶಾಖೆ ಎಂದ. ಜನರನ್ನು ಎಣಿಸುವುದನ್ನು ಬಿಟ್ಟು ಪ್ರಶ್ನೆಗಳನ್ನು ಎಣಿಸಿದ್ದು ಶಾಸ್ತ್ರಕ್ಕೆ ದೊಡ್ಡ ಮುನ್ನಡೆ.

ಅವನ ನಿಯಮಕ್ಕೆ ದೊಡ್ಡ ಪರೀಕ್ಷೆ ಒದಗಿದ್ದು ಇಸ್ಮಾಯಿಲಿಗಳ ವಿಷಯದಲ್ಲಿ. ಅಲಾಮೂತ್ ಕೋಟೆಯ ಹಸನ್ ಸಬ್ಬಾಹ್ ಅಂದಿನ ಸುನ್ನಿ ರಾಜ್ಯಕ್ಕೆ ಬದ್ಧವೈರಿ. ಅವನ ಹೆಸರು ಹೇಳಿದರೆ ಮಂತ್ರಿಗಳು ನಡುಗುತ್ತಿದ್ದ ಕಾಲ. ಮಹಾವಿದ್ವಾಂಸನಾದ ಗಜಾಲಿಯೂ ಈ ಪಂಥದ ವಿರುದ್ಧ ಖಂಡನಗ್ರಂಥ ಬರೆದಿದ್ದ. ಷಹರಸ್ತಾನಿ ಮಾಡಿದ್ದೇನು? ಹಸನ್ ಸಬ್ಬಾಹ್‌ನ ಪಾರಸಿ ಪ್ರಬಂಧವನ್ನೇ ತೆಗೆದು ಅರಬ್ಬಿಗೆ ಇಳಿಸಿ ತನ್ನ ಗ್ರಂಥದಲ್ಲಿ ಸೇರಿಸಿದ. ಆ ಪಾರಸಿ ಮೂಲ ಇಂದು ಸಿಗುವುದಿಲ್ಲ. ಹಸನನ ವಾದ ಅವನ ಮಾತಿನಲ್ಲೇ ನಮಗೆ ದೊರೆಯುವುದು ಷಹರಸ್ತಾನಿಯ ದಯೆಯಿಂದ. ಇದಕ್ಕೆ ತೆತ್ತ ಬೆಲೆ, ಈತನೂ ಒಳಗೊಳಗೇ ಇಸ್ಮಾಯಿಲಿಯೇ ಎಂಬ ಗುಮಾನಿ. ಎದುರಾಳಿಯನ್ನು ಸರಿಯಾಗಿ ವರ್ಣಿಸಿದವನನ್ನು ಎದುರಾಳಿಯ ಕಡೆಯವನೆನ್ನುವ ಅಭ್ಯಾಸ ಇಂದಿನದಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹಿಂದೂಸ್ಥಾನದ ಅಧ್ಯಾಯಕ್ಕೆ ಬಂದಾಗ ಮಾತ್ರ ಷಹರಸ್ತಾನಿ ಸೋಲುತ್ತಾನೆ. ಬ್ರಾಹ್ಮಣರಿಗೆ ಆ ಹೆಸರು ಬಂದದ್ದು ಬರ್ಹಾಮ್ ಎಂಬೊಬ್ಬ ಪುರುಷನಿಂದ, ಅವರ ಮುಖ್ಯ ಸಿದ್ಧಾಂತ ಪ್ರವಾದಿಗಳ ನಿರಾಕರಣೆ ಎಂದು ಬರೆಯುತ್ತಾನೆ. ನಮ್ಮಲ್ಲಿ ಯಾವ ಶಾಸ್ತ್ರಿಗಳಿಗೆ ಇದನ್ನು ಓದಿ ಹೇಳಿದರೂ ನಕ್ಕುಬಿಟ್ಟಾರು. ಕಾರಣ ಸ್ಪಷ್ಟ: ಅವರ ಪುಸ್ತಕಗಳಿಂದಲೇ ಎಂಬ ಅವನ ನಿಯಮಕ್ಕೆ ಇಲ್ಲಿ ಪುಸ್ತಕವೇ ಇರಲಿಲ್ಲ, ಅವರಿವರು ಅರಬ್ಬಿಯಲ್ಲಿ ಬರೆದಿಟ್ಟ ಟಿಪ್ಪಣಿಗಳೇ ಆಧಾರ. ಅವನಿಗಿಂತ ಸುಮಾರು ನೂರು ವರ್ಷ ಹಿಂದೆಯೇ ಅಲ್‌ಬಿರೂನಿ ಸಂಸ್ಕೃತ ಕಲಿತು, ಪಂಡಿತರ ಬಳಿ ಕುಳಿತು, ತನ್ನದು ವಾದಗ್ರಂಥವಲ್ಲ, ಇದ್ದುದನ್ನು ಇದ್ದಂತೆ ಹೇಳುವ ಗ್ರಂಥ ಎಂದು ಸಾರಿ ಬರೆದಿದ್ದ. ಭಾರತದ ಲಿಪಿಗಳ ಪ್ರಸ್ತಾಪದಲ್ಲಿ ಆತ ಕರ್ಣಾಟ ಲಿಪಿಯನ್ನು ಹೆಸರಿಸಿ, ಸೈನ್ಯಗಳಲ್ಲಿ ಕನ್ನರರೆಂದು ಹೆಸರಾದ ಯೋಧರು ಬರುವುದು ಆ ದೇಶದಿಂದ ಎಂದಿದ್ದಾನೆ. ಸಾವಿರ ವರ್ಷದ ಹಿಂದೆಯೇ ಪರದೇಶದ ಪಂಡಿತನ ಕಣ್ಣಿಗೆ ಬಿದ್ದದ್ದು ದುಡಿಮೆಗಾಗಿ ಊರು ಬಿಟ್ಟು ಹೊರಟ ಕನ್ನಡಿಗ ಎಂಬುದು ನಮ್ಮಂಥ ಹೊರನಾಡಿಗರಿಗೆ ಸೋಜಿಗದ ಸಂಗತಿ.

ಷಹರಸ್ತಾನಿಗೆ ನಮ್ಮ ಕಡೆಯ ಜೋಡಿ ಎಂದರೆ ವಿಜಯನಗರದ ಕಾಲದ ಮಾಧವನ 'ಸರ್ವದರ್ಶನಸಂಗ್ರಹ'. 14ನೆಯ ಶತಮಾನದ ಈ ಸಂಸ್ಕೃತ ಗ್ರಂಥ ಚಾರ್ವಾಕನಿಂದ ಹಿಡಿದು ಅದ್ವೈತದವರೆಗೆ 16 ದರ್ಶನಗಳನ್ನು ಒಂದೊಂದಾಗಿ ನಿರೂಪಿಸುತ್ತದೆ. ಒಂದು ದರ್ಶನವನ್ನು ಹೇಳುವಾಗ ಆ ದರ್ಶನದವನ ಕಂಠದಿಂದಲೇ ಮಾತಾಡುವ ಕಲೆ ಮಾಧವನಿಗೆ ಸಿದ್ಧಿಸಿದೆ. ದೇವರನ್ನೂ ವೇದವನ್ನೂ ಗೇಲಿ ಮಾಡುವ ಚಾರ್ವಾಕನ ವಾದ ನಮಗೆ ಇಷ್ಟಾದರೂ ತಿಳಿದಿರುವುದರಲ್ಲಿ ಈ ಗ್ರಂಥದ ಪಾಲು ದೊಡ್ಡದು. ಹಸನ್ ಸಬ್ಬಾಹ್‌ನಿಗೆ ಷಹರಸ್ತಾನಿ ಮಾಡಿದ ಉಪಕಾರವನ್ನು ಚಾರ್ವಾಕನಿಗೆ ಮಾಧವ ಮಾಡಿದ. ಆದರೆ ಒಂದು ಕೊರತೆಯನ್ನು ಹೇಳದೆ ಬಿಡಲಾಗದು. ವಿಜಯನಗರ ಹುಟ್ಟಿದ್ದು 1336ರಲ್ಲಿ. ಕಲಬುರಗಿಯಲ್ಲಿ ಬಹಮನಿ ಸಿಂಹಾಸನ ಏರ್ಪಟ್ಟದ್ದು 1347ರಲ್ಲಿ. ಕೃಷ್ಣೆಯ ಆಚೆ ದಡದಲ್ಲಿ ಬಾಂಗು ಕೇಳಿಸುತ್ತಿತ್ತು. ಆದರೂ 'ಸರ್ವದರ್ಶನ'ದ ಹದಿನಾರರಲ್ಲಿ ಇಸ್ಲಾಮಿಗೆ ಸ್ಥಾನವಿಲ್ಲ. ದೂರದ ಖುರಾಸಾನಿನವನು ನಮ್ಮನ್ನು ಕುರಿತು ತಪ್ಪಾಗಿಯಾದರೂ ಬರೆದ. ನೆರೆಯವರಾದ ನಾವು ಬರೆಯಲೇ ಇಲ್ಲ. ಯಾವುದು ದೊಡ್ಡ ಲೋಪವೆಂದು ಕೇಳಿದರೆ, ಎರಡನೆಯದೇ ಎಂದು ನಮ್ಮ ಅಭಿಪ್ರಾಯ. ತಪ್ಪು ಬರೆದದ್ದನ್ನು ಮುಂದಿನವನು ತಿದ್ದಬಲ್ಲ. ಬರೆಯದೇ ಬಿಟ್ಟದ್ದನ್ನು ತಿದ್ದುವ ಬಗೆ ಹೇಗೆ?

ಮಾಧವ ನೋಡದೆ ಬಿಟ್ಟ ಆ ಕಲಬುರಗಿಗೆ 1400ರ ಹೊತ್ತಿಗೆ ದಿಲ್ಲಿಯ ಕಡೆಯಿಂದ ಬಂದು ನೆಲೆಸಿದವರು ಹಜರತ್ ಬಂದೇನವಾಜ್ ಗೇಸುದರಾಜ್. 1321ರಲ್ಲಿ ಹುಟ್ಟಿ 1422ರಲ್ಲಿ ತೀರಿಕೊಂಡ, ನೂರರ ಮೇಲೆ ಬಾಳಿದ ಜೀವ. ಅವರ ದರ್ಗಾದ ಉರುಸಿಗೆ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಎಲ್ಲ ಜಾತಿಮತಗಳಲ್ಲೂ ಇವೆ. ಆದರೆ ಅವರು ಸಮರ್ಥ ಮತಶಾಸ್ತ್ರಜ್ಞರೂ ಆಗಿದ್ದರೆಂಬುದು ಹಲವರಿಗೆ ತಿಳಿಯದು. ಇಮಾಮ್ ಅಬೂ ಹನೀಫಾ ಅವರ ಹೆಸರಿನಲ್ಲಿ ಪ್ರಸಿದ್ಧವಾದ, ಶುದ್ಧ ನಂಬಿಕೆಯ ಸೂತ್ರಗಳ 'ಫಿಕ್ಹ್ ಅಕ್ಬರ್' ಗ್ರಂಥಕ್ಕೆ ಅವರು ವ್ಯಾಖ್ಯಾನ ಬರೆದಿದ್ದಾರೆ. ಇಬ್ನ್ ಅರಬಿಯಂಥ ಮಹಾ ಅನುಭಾವಿಯ ವಿಚಾರಗಳನ್ನೇ ಅವರು ಖಂಡಿಸಿದವರು. ಹಾಗೆಂದು ಒಣ ಶಾಸ್ತ್ರಿಗಳೇ? ಅಲ್ಲ. ಧರ್ಮದ್ರೋಹದ ಆಪಾದನೆಯಲ್ಲಿ ಪ್ರಾಣತೆತ್ತ ಹಮದಾನಿನ ಐನುಲ್ ಕುಜಾತ್‌ನ ಗ್ರಂಥಕ್ಕೂ ಅವರು ವ್ಯಾಖ್ಯಾನ ಬರೆದರು. ನಂಬಿಕೆಯ ಗೆರೆ ಎಲ್ಲಿದೆಯೆಂದು ಬಲ್ಲವರು. ಗೆರೆಯ ಆಚೆಗೆ ತಳ್ಳಲ್ಪಟ್ಟವನ ಮಾತನ್ನೂ ಕುಳಿತು ಓದಬಲ್ಲವರು. ಇದೇ ನಿಜವಾದ ಪಾಂಡಿತ್ಯ.

ಇನ್ನು ಗ್ರಂಥದಿಂದ ದರಬಾರಿಗೆ ಬರೋಣ. ಅಹ್ಮದನಗರದಲ್ಲಿ ಬುರ್ಹಾನ್ ನಿಜಾಮಶಾಹ 1537ರಲ್ಲಿ ಷಾ ತಾಹಿರ್ ಎಂಬ ಪಂಡಿತನ ಪ್ರಭಾವದಿಂದ ಶಿಯಾ ಮತವನ್ನು ರಾಜ್ಯದ ಮತವೆಂದು ಸಾರಿದ. ಐವತ್ತು ವರ್ಷ ಕಳೆದ ಸ್ವಲ್ಪದರಲ್ಲೇ, 1589ರಿಂದ 1591ರವರೆಗೆ, ಬಾಲಕ ದೊರೆಯ ಹೆಸರಿನಲ್ಲಿ ಆಳಿದ ಜಮಾಲ್ ಖಾನ್ ಅದೇ ಊರಿನಲ್ಲಿ ಮಹದವಿ ಪಂಥವನ್ನು ಎತ್ತಿಹಿಡಿದ. ಜೌನಪುರದ ಸೈಯದ್ ಮಹಮ್ಮದರೇ ಬರಬೇಕಾಗಿದ್ದ ಮಹದಿ ಎಂದು ನಂಬುವವರ ಪಂಥ ಅದು; ಬೊಂಬೆಗಳಿಗೆ ಹೆಸರಾದ ನಮ್ಮ ಚನ್ನಪಟ್ಟಣ ಆ ಸಮುದಾಯದ ಒಂದು ನೆಲೆ. ಜಮಾಲ್ ಖಾನ್ 1591ರ ರೋಹಣಖೇಡದ ಕಾಳಗದಲ್ಲಿ ಮಡಿದ. ಮತ್ತೆ ಮತ ಬದಲು.

ಬಿಜಾಪುರದ ಪಟ್ಟಿ ಇನ್ನೂ ಉದ್ದ. ಯೂಸುಫ್ ಆದಿಲಶಾಹ 1502ರ ಸುಮಾರಿಗೆ ಶಿಯಾ ಪದ್ಧತಿಯ ಖುತ್ಬಾ ಓದಿಸಿದ. 1534ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹಿಂ ಸುನ್ನಿ ಮತಕ್ಕೆ ತಿರುಗಿಸಿದ. 1558ರಲ್ಲಿ ಬಂದ ಅಲಿ ಮತ್ತೆ ಶಿಯಾ. 1580ರಲ್ಲಿ ಬಂದ ಎರಡನೆಯ ಇಬ್ರಾಹಿಮನ ಕಾಲಕ್ಕೆ ಪುನಃ ಸುನ್ನಿ. ಪ್ರತಿ ಸಲವೂ ಪಂಡಿತರ ತರ್ಕ ಗೆದ್ದಿತೆಂದು ತಿಳಿದರೆ ನಾವು ಮೋಸಹೋದಂತೆ. ಇರಾನಿನಿಂದ ಬಂದ ಪರದೇಶಿ ಸರದಾರರಿಗೂ ಇಲ್ಲೇ ಬೇರುಬಿಟ್ಟ ದಖನಿ ಸರದಾರರಿಗೂ ಇದ್ದ ಪೈಪೋಟಿ ಇದರ ಹಿಂದಿತ್ತು. ಮೊದಲನೆಯ ಇಬ್ರಾಹಿಂ ಸುನ್ನಿಯಾದದ್ದು, ಪರದೇಶಿ ಸೈನಿಕರನ್ನು ಕೆಲಸದಿಂದ ಬಿಡಿಸಿದ್ದು, ಲೆಕ್ಕಪತ್ರವನ್ನು ಪಾರಸಿಯಿಂದ ದೇಶಭಾಷೆಗೆ ತಂದದ್ದು ಎಲ್ಲವೂ ಒಂದೇ ಉಸಿರಿನ ಕೆಲಸಗಳು. ಪಂಥದ ಹೆಸರು ಅಲ್ಲಿ ಪಕ್ಷದ ಬಾವುಟವಾಗಿತ್ತು.

ಇದನ್ನೆಲ್ಲ ನಮಗೆ ತಿಳಿಸಿದವನು ಫರಿಷ್ತಾ. ಅಹ್ಮದನಗರದ ಸೇವೆಯಲ್ಲಿದ್ದು, 1589ರಲ್ಲಿ ಅದನ್ನು ಬಿಟ್ಟು ಬಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ತನ್ನ ದೊಡ್ಡ ಇತಿಹಾಸವನ್ನು ಪಾರಸಿಯಲ್ಲಿ ಬರೆದ. ಅವನ ಒಲವು ಶಿಯಾ ಕಡೆಗೆ. ಅನ್ನ ಕೊಟ್ಟ ದೊರೆ ಸುನ್ನಿ. ಜಮಾಲ್ ಖಾನನ ಆಳ್ವಿಕೆಯನ್ನು ನಾವು ಬಹುಪಾಲು ಇಂಥ ಎದುರು ಪಕ್ಷದವರ ಲೇಖನಿಯಿಂದಲೇ ಅರಿಯಬೇಕಾಗಿರುವುದು ನಮ್ಮ ದುರದೃಷ್ಟ. ಮಹದವಿಗಳಿಗೆ ಅಹ್ಮದನಗರದಲ್ಲಿ ಷಹರಸ್ತಾನಿಯೊಬ್ಬ ದೊರೆಯಲಿಲ್ಲ. ಆದರೂ ಫರಿಷ್ತಾನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಯೂಸುಫ್ ಆದಿಲಶಾಹ ತನ್ನ ಮತವನ್ನು ಸಾರಿದ ಮೇಲೂ ಸುನ್ನಿಗಳು ಗೌರವಿಸುವ ಪ್ರವಾದಿಯ ಸಂಗಡಿಗರನ್ನು ಯಾರೂ ನಿಂದಿಸಕೂಡದೆಂದು ಕಟ್ಟುಮಾಡಿದ್ದನ್ನು ಅವನು ಮೆಚ್ಚಿ ದಾಖಲಿಸಿದ್ದಾನೆ. ನಂಬಿಕೆ ಬೇರೆಯಾಗಿರಲಿ, ಬೈಗುಳ ಬೇಡ ಎಂಬ ಈ ಕಟ್ಟಳೆ ಎಷ್ಟೋ ಗ್ರಂಥಗಳ ತೀರ್ಪಿಗಿಂತ ಬೆಲೆಯುಳ್ಳದ್ದು. ಎರಡನೆಯ ಇಬ್ರಾಹಿಮನಂತೂ ತನ್ನ 'ಕಿತಾಬೆ ನೌರಸ್'ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಬಂದೇನವಾಜರನ್ನೂ ಒಟ್ಟಿಗೆ ಹಾಡಿದ. ಬಗ್ದಾದಿಯ 73ರಲ್ಲಿ ಇವನನ್ನು ಯಾವ ಅಂಕಿಗೆ ಸೇರಿಸುವುದೋ ಬಗ್ದಾದಿಗೂ ತಿಳಿಯಲಿಕ್ಕಿಲ್ಲ.

ಬೀದರಿನ ಬಳಿಯ ಅಷ್ಟೂರಿನಲ್ಲಿರುವ ಅಹ್ಮದ್ ಷಾ ಬಹಮನಿಯ ಗೋರಿ ಈ ಲೆಕ್ಕಕ್ಕೆ ಇನ್ನೂ ದೊಡ್ಡ ತೊಡಕು. ಒಳಗೋಡೆಗಳ ಬಣ್ಣದ ಬರೆಹದಲ್ಲಿ ಸೂಫಿ ಗುರುಪರಂಪರೆಯಿದೆ, ಇರಾನಿನ ಷಾ ನಿಅಮತುಲ್ಲಾರ ಪದ್ಯಗಳಿವೆ. ದೊರೆ ಸುನ್ನಿಯೋ ಶಿಯಾನೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಹೊರಗೆ ನಡೆಯುವ ಜಾತ್ರೆಗೆ ಮಾತ್ರ ಈ ಚರ್ಚೆಯ ಗೊಡವೆಯಿಲ್ಲ. ಕಲಬುರಗಿಯ ಕಡೆಯಿಂದ ಜಂಗಮರು ಬರುತ್ತಾರೆ, ಲಿಂಗಾಯತರೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುತ್ತಾರೆ.

ಹಾಗಾದರೆ ಪಂಥಗ್ರಂಥಗಳು ವ್ಯರ್ಥವೇ, ಜಾತ್ರೆಯೊಂದೇ ಸಾಕೇ ಎಂದರೆ, ನಾವು ಹಾಗೆನ್ನುವುದಿಲ್ಲ. ಎಲ್ಲವೂ ಒಂದೇ ಎಂದು ತೇಲಿಸಿಬಿಡುವುದು ಸುಲಭದ ಸೌಜನ್ಯ. ಅದರಲ್ಲಿ ಎದುರಿನವನ ಮಾತಿಗೆ ಕಿವಿಗೊಡುವ ಶ್ರಮವಿಲ್ಲ. ಭೇದವಿದೆ, ಅದು ಅವನಿಗೆ ಮುಖ್ಯ, ಆದ್ದರಿಂದ ಅದನ್ನು ಅವನು ಹೇಳುವಂತೆಯೇ ತಿಳಿಯಬೇಕು. ಷಹರಸ್ತಾನಿಯ ಗ್ರಂಥ ಕಲಿಸುವ ಪಾಠ ಇಷ್ಟು.

ಈ ಪಾಠ ಖರಾಡಿಯಲ್ಲಿ ನಮಗೆ ನಿತ್ಯವೂ ಬೇಕು. ನಾವು ತಪ್ಪು ವರ್ಣನೆಯ ರುಚಿ ಕಂಡವರು. ನೆರೆಹೊರೆಯ ಕೆಲವರಿಗೆ ಬೀದರಿನವನೂ ಮಡಿಕೇರಿಯವನೂ ಒಬ್ಬನೇ 'ಮದರಾಸಿ', ಒಬ್ಬನೇ ಇಡ್ಲಿ-ದೋಸೆಯ 'ಅಣ್ಣಾ'. ನಾವು ಅದಕ್ಕೆ ಮುನಿಯುತ್ತೇವೆ, ಮುನಿಯಬೇಕಾದದ್ದೇ. ಆದರೆ ನಮ್ಮ ಮನೆಗಳ ಮಾತುಕತೆಯಲ್ಲಿ ವಿಜಯಪುರದ ಮುಸಲ್ಮಾನ ಮೇಸ್ತ್ರಿಯೂ, ಚನ್ನಪಟ್ಟಣದ ಮಹದವಿಯೂ, ಮಲಬಾರಿನ ಮಾಪಿಳ್ಳೆಯೂ, ಮುಂಬಯಿಯ ಬೊಹ್ರಾ ವ್ಯಾಪಾರಿಯೂ 'ಅವರು' ಎಂಬ ಒಂದೇ ಸರ್ವನಾಮದಲ್ಲಿ ಮುಗಿದುಹೋಗುವುದಿಲ್ಲವೇ? ಬಗ್ದಾದಿಯಾದರೂ ಅವರನ್ನು 73 ಮಾಡಿದ್ದ; ನಾವು ಒಂದು ಮಾಡಿ ಕೈತೊಳೆದುಕೊಂಡಿದ್ದೇವೆ. ನಮ್ಮ ಮಕ್ಕಳು ಆ ಸರ್ವನಾಮವನ್ನೇ ಮಾತೃಭಾಷೆಯೊಂದಿಗೆ ಕಲಿಯುತ್ತಾರೆ.

ಷಹರಸ್ತಾನಿಯ ಮುಸ್ಲಿಂ ಪಂಥಗಳ ಭಾಗಕ್ಕೆ ಕಾಜಿ ಮತ್ತು ಫ್ಲಿನ್ ಮಾಡಿದ ಇಂಗ್ಲಿಷ್ ಅನುವಾದ 1984ರಲ್ಲಿ ಬಂದಿದೆ. ಬಿಜಾಪುರದ ಸೂಫಿಗಳನ್ನು ಕುರಿತ ರಿಚರ್ಡ್ ಈಟನ್ನರ ಗ್ರಂಥ ಬಂದದ್ದು 1978ರಲ್ಲಿ. ಆಸಕ್ತರು ಇವನ್ನು ಓದಬಹುದು. ಪುಸ್ತಕ ಸಿಗದವರಿಗೂ ಅವರ ಮಾತಿನಿಂದಲೇ ಎಂಬ ನಿಯಮ ಪಾಲಿಸಲು ಅಡ್ಡಿಯಿಲ್ಲ. ವಿಜಯಪುರದ ಕನ್ನಡ ಮಾತಾಡುವ ಆ ಮೇಸ್ತ್ರಿ ಇಲ್ಲೇ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದಾನೆ; ಕೇಳಿದರೆ ಹೇಳುತ್ತಾನೆ, ಅದೂ ನಮ್ಮದೇ ಭಾಷೆಯಲ್ಲಿ.